ಒಂದು ಬೆರಳು ಜಾಗ

ಹತ್ತೊಂಬತ್ತು ವರ್ಷ ಹಲಗೆಗೆ ಬೆನ್ನು ಕೊಟ್ಟು ನಿಂತವಳು ನಾನು,
ಪಿರೋಶ್ಕಾ.
ಪೋಸ್ಟರಿನಲ್ಲಿ ಅವನ ಹೆಸರಿನ ಕೆಳಗೆ ನನ್ನದು,
ಸಣ್ಣ ಅಕ್ಷರ, ಕೆಂಪು ಶಾಯಿ.
ಅಲಾದಾರ್ ಎಸೆಯುತ್ತಿದ್ದ, ನಾನು ಉಸಿರು ಹಿಡಿಯುತ್ತಿದ್ದೆ.
ನಮ್ಮ ಸಂಸಾರ ಅಂದರೆ ಇಷ್ಟೇ ಅಂತ ಇಟ್ಟುಕೊಳ್ಳಿ.

ಕಿವಿಯ ಪಕ್ಕ ಒಂದು, ಕಂಕುಳ ಕೆಳಗೊಂದು,
ಸೊಂಟದ ತಿರುವಿಗೆ ಆಚೆಗೊಂದು ಈಚೆಗೊಂದು,
ಕೊನೆಯದು ನೆತ್ತಿಯ ಮೇಲೆ, ಕೂದಲಿಗೆ ತಾಗಿಯೂ ತಾಗದೆ.
ಹನ್ನೆರಡು ಚಾಕು.
ಅಲಗಿಗೂ ಚರ್ಮಕ್ಕೂ ನಡುವೆ ಒಂದು ಬೆರಳು ಜಾಗ.
ಆ ಒಂದು ಬೆರಳನ್ನೇ
ನಾನು ಪ್ರೀತಿ ಅಂದುಕೊಂಡಿದ್ದೆ.

ಸರ್ಕಸ್ಸು ಮುಚ್ಚಿತು. ಡೇರೆಯನ್ನು ಹುಲ್ಲಿನ ವ್ಯಾಪಾರಿ ಕೊಂಡ.
ಜಾಲಾ ಗುಡ್ಡಗಳ ನಡುವೆ ನನ್ನ ಚಿಕ್ಕಮ್ಮನ ಎರಡು ಕೋಣೆ,
ಒಂದು ಆಕ್ರೋಟ ಮರ.
ಚಾಕುಗಳು ಹಿಟ್ಟಿನ ಡಬ್ಬಿಯ ಹಿಂದೆ ಮಲಗಿದವು.

ಸೆಪ್ಟೆಂಬರಿನಲ್ಲಿ ಹಂದಿ ಬಂತು.
ವೆಂದೆಲ್‌ನ ದ್ರಾಕ್ಷಿ ಸಾಲು ಸಾಲೇ ಮುಗಿಯಿತು.
‘ಹಣ್ಣು ತಿಂದರೆ ತಿನ್ನಲಿ, ಬೇರನ್ನೂ ಮಗುಚುತ್ತದಲ್ಲ!’
ಅವನ ಬಂದೂಕಿನ ಪರವಾನಗಿ ತೀರಿತ್ತು,
ಕಚೇರಿಯವರು ನವೆಂಬರಿಗೆ ಬಾ ಅಂದಿದ್ದರು.
ಪ್ಲಮ್ ಹಣ್ಣಿನ ಸಾರಾಯಿ ಬಾಟಲಿ ಮೇಜಿನ ಮೇಲಿಟ್ಟು ಅಂದ:
‘ನಿನಗೇನಪ್ಪ, ನಲವತ್ತು ಹೆಜ್ಜೆಯಿಂದ
ಗುಲಾಬಿಯ ತೊಟ್ಟು ಕತ್ತರಿಸಿದವನು.’
(ಏಳು ಹೆಜ್ಜೆ. ಎಣಿಸಿದವಳು ನಾನು.)

ಹಂದಿಗೆ ಚಾಕು ನಾಟೀತೇ ಅಂದೆ.
ಕೆಸರಿಗೆ, ಪೈನ್ ಮರದ ಅಂಟಿಗೆ ಮೈ ಉಜ್ಜಿ ಉಜ್ಜಿ
ಹೆಗಲ ಮೇಲೊಂದು ಗುರಾಣಿ ಬೆಳೆಸಿಕೊಂಡ ಪ್ರಾಣಿ.
‘ಕಿವಿಯ ಹಿಂದೆ ಮೆತ್ತಗಿರುತ್ತೆ’ ಅಂದ ಅಲಾದಾರ್,
ಕಲ್ಲಿಗೆ ಉಗುಳಿ ಮಸೆಯತೊಡಗಿದ.
ಆಟದ ಚಾಕುವಿಗೆ ಮೊನೆಯುಂಟು, ಅಂಚಿಲ್ಲ.
ಆ ರಾತ್ರಿ ಅಂಚೂ ಬಂತು.

ಲಾಟೀನು ಹಿಡಿದವಳು ನಾನೇ, ಮತ್ತ್ಯಾರು?
ತೋಟದ ತುದಿಗೆ ದ್ರಾಕ್ಷಿರಸದ ನೆಲಮಾಳಿಗೆ, ಓಕ್ ಬಾಗಿಲು.
ಬೆಳಕು ಮುಖಕ್ಕೆ ಬಿದ್ದದ್ದೇ
ಹಂದಿ ಹಿಂದೆ ಸರಿದು, ಬಾಗಿಲಿಗೆ ಪಕ್ಕೆ ಒತ್ತಿ,
ನಿಂತಿತು.
ಓಡಲಿಲ್ಲ. ಮೇಲೆ ಬೀಳಲಿಲ್ಲ.
ಕೋರೆಯಿಂದ ನೇರಳೆ ರಸ ತೊಟ್ಟಿಕ್ಕುತ್ತಿತ್ತು,
ಹೊಳ್ಳೆಯೊಂದು ಬಿಟ್ಟು ಬೇರೇನೂ ಆಡಲಿಲ್ಲ.
ಹಾಗೆ ನಿಲ್ಲುವುದು ನನಗೆ ಗೊತ್ತು.
ಎದೆಯಿಂದಲ್ಲ, ಹಿಮ್ಮಡಿಯಿಂದ ಉಸಿರಾಡಬೇಕು.

ಠಕ್.
ಕಿವಿಯ ಪಕ್ಕ.
ಠಕ್. ಗಂಟಲ ಕೆಳಗೆ, ಬಾಗಿಲಿಗೆ.
ಬೆನ್ನ ಬಿರುಗೂದಲ ಗುಂಟ ಠಕ್ ಠಕ್ ಠಕ್
ದರ್ಜಿಯವನು ಗುಂಡುಸೂಜಿ ಚುಚ್ಚಿದ ಹಾಗೆ.
ಹನ್ನೆರಡೂ ಮುಗಿದವು.
ಹಂದಿ ಮೈ ಕೊಡವಿ, ಗುಟುರು ಹಾಕಿ,
ನನ್ನ ಲಂಗ ಸವರಿಕೊಂಡು ಕತ್ತಲೆಗೆ ನಡೆಯಿತು.
ಹುಳಿ ದ್ರಾಕ್ಷಿಯ ವಾಸನೆ, ಒದ್ದೆ ಕಂಬಳಿಯ ವಾಸನೆ.

ವೆಂದೆಲ್ ಬಯ್ದ: ಅವನ ತಾಯಿಯನ್ನು,
ಏಳೆಂಟು ಸಂತರನ್ನು, ನಮ್ಮ ಸರ್ಕಸ್ಸನ್ನು.
ಬಾಗಿಲ ಮೇಲೆ
ಖಾಲಿ ಹಂದಿಯೊಂದು ನಿಂತೇ ಇತ್ತು.
ಅಲಾದಾರ್ ಚಾಕುಗಳನ್ನು ಕೀಳುತ್ತಾ
‘ಕೈ ಮಾತು ಕೇಳಲಿಲ್ಲ’ ಅಂದ.
ಕೈ.

ನಾನು ಲಾಟೀನು ಎತ್ತಿ ಹಿಡಿದೆ.
ಅಳೆಯಬೇಕಾಗಿರಲಿಲ್ಲ, ಕಣ್ಣಿಗೇ ಗೊತ್ತಾಗಿತ್ತು:
ಅದಕ್ಕೂ ಒಂದು ಬೆರಳು.
ಹೆಚ್ಚಿಲ್ಲ, ಕಡಿಮೆಯಿಲ್ಲ.
ಬೆಳಗಿನ ತನಕ ಮಗ್ಗುಲು ಬದಲಿಸಿದೆ.
ನಗಬೇಡಿ, ಈ ವಯಸ್ಸಿನಲ್ಲಿ
ಒಂದು ಕಾಡುಹಂದಿಯ ಮೇಲೆ ಹೊಟ್ಟೆಕಿಚ್ಚು.

ನವೆಂಬರಿನಲ್ಲಿ ಪರವಾನಗಿ ಬಂತು. ಒಂದೇ ಗುಂಡು.
ವೆಂದೆಲ್ ತೊಡೆ ಕಳಿಸಿದ, ಬಿಳಿ ಬಟ್ಟೆಯಲ್ಲಿ ಸುತ್ತಿ.
ಈರುಳ್ಳಿ, ಕೆಂಪು ಮೆಣಸಿನ ಪುಡಿ, ಅವನದೇ ತೋಟದ ವೈನು,
ಮೂರು ತಾಸು ಸಣ್ಣ ಉರಿ.
ನನಗೆ ಒಂದು ತುತ್ತೂ ಇಳಿಯಲಿಲ್ಲ.
ಅಲಾದಾರ್ ಎರಡು ಸಲ ಹಾಕಿಸಿಕೊಂಡ,
ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿದ,
ಉಪ್ಪು ಸ್ವಲ್ಪ ಮುಂದು ಅಂದ.